ಶಾಲು ಹೊದಿಸಿದ್ದಾಯಿತು, ಕೂಲಿಯ ಮಾತೇನು?

ಕಳೆದ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ನಮ್ಮ ಸಂಘದ ಮಕ್ಕಳು ಆಡಿದ "ಕೂಲಿಮಠ" ಎಂಬ ಪ್ರಹಸನವನ್ನು ತಾವೆಲ್ಲ ನೋಡಿ ನಕ್ಕಿದ್ದೀರಿ. ನಾವೂ ನಕ್ಕೆವು. ಎರಡು ತಿಂಗಳು ಶನಿವಾರಗಳನ್ನು ಬಿಟ್ಟುಕೊಟ್ಟು, ನಾಲಿಗೆಗೆ ಒಗ್ಗದ 'ಳ'ಕಾರವನ್ನು ಒಗ್ಗಿಸಿಕೊಂಡು ಆಡಿದ ಮಕ್ಕಳಿಗೆ ಮೊದಲು ನಮ್ಮ ಶಹಭಾಸ್. ಕಚ್ಚೆಪಂಚೆ, ಕರಿಕೋಟು, ತಲೆಗೆ ರುಮಾಲು, ಮೂಗಿನ ತುದಿಗೆ ಜಾರಿದ ಕನ್ನಡಕ, ನಶ್ಯದ ಡಬ್ಬಿ, ಕೈಯಲ್ಲಿ ಬೆತ್ತ. ಮೇಷ್ಟ್ರು ಗೊರಕೆ ಹೊಡೆದರೆ ಸಭೆಯಲ್ಲಿ ನಗೆ, ಹುಡುಗನಿಗೆ ಬಸ್ಕಿ ಹೊಡೆಸಿದರೆ ಇನ್ನೂ ನಗೆ, ಇನ್‌ಸ್ಪೆಕ್ಟರು ಬಂದಾಗ ಎದ್ದುಬಿದ್ದು ಕೋಟಿನ ಗುಂಡಿ ಹಾಕಿಕೊಂಡರೆ ಚಪ್ಪಾಳೆ. ಕೂಲಿಮಠದ ಕಾಲದಲ್ಲಿ ಕರಿಕೋಟೂ ಇರಲಿಲ್ಲ, ಇನ್‌ಸ್ಪೆಕ್ಟರೂ ಇರಲಿಲ್ಲ ಎಂಬ ತಕರಾರನ್ನು ಎತ್ತುವುದು ನಮ್ಮ ಉದ್ದೇಶವಲ್ಲ. ಪ್ರಹಸನಕ್ಕೆ ಅಷ್ಟು ಸ್ವಾತಂತ್ರ್ಯ ಇರಬೇಕು.

ಆದರೆ ಊಟದ ಸಾಲಿನಲ್ಲಿ ನಮ್ಮ ಮುಂದೆ ನಿಂತಿದ್ದ ಹಿರಿಯ ಸದಸ್ಯೆಯೊಬ್ಬರು ತಟ್ಟೆ ಹಿಡಿದುಕೊಂಡೇ ಮೆಲ್ಲಗೆ ಹೇಳಿದ ಮಾತು ನಮ್ಮನ್ನು ಬಿಟ್ಟಿಲ್ಲ. "ನಮ್ಮಪ್ಪನಿಗೂ ಒಂದು ಕರಿಕೋಟು ಇತ್ತು. ಇದ್ದದ್ದೇ ಒಂದು. ಇನ್‌ಸ್ಪೆಕ್ಟರು ಬರೋ ದಿನ ಮಾತ್ರ ಪೆಟ್ಟಿಗೆಯಿಂದ ತೆಗೀತಿದ್ರು. ಆವತ್ತು ಬೆಳಿಗ್ಗೆ ಅಮ್ಮ ಯಾರ ಹತ್ರಾನೂ ಮಾತಾಡ್ತಿರಲಿಲ್ಲ." ಇಷ್ಟು ಹೇಳಿ ಬಿಸಿಬೇಳೆ ಭಾತು ಬಡಿಸಿಕೊಂಡು ಮುಂದೆ ಹೋದರು. ಅವರ ತಂದೆ ಹಳ್ಳಿಯ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದವರೆಂದು ಇಷ್ಟು ವರ್ಷ ಅವರನ್ನು ಬಲ್ಲ ನಮಗೆ ಅಂದೇ ತಿಳಿದದ್ದು.

ಅಂದಿನಿಂದ ನಮ್ಮನ್ನು ಕಾಡುತ್ತಿರುವ ಪ್ರಶ್ನೆ ಇದು. ನಮ್ಮ ಕಥೆ, ಕಾದಂಬರಿ, ಸಿನಿಮಾ, ಈ ವಾರ್ತಾಪತ್ರದಲ್ಲೇ ವರ್ಷವರ್ಷವೂ ಅಚ್ಚಾಗುವ "ನಮ್ಮೂರ ಶಾಲೆ" ಮಾದರಿಯ ಲೇಖನಗಳು, ಎಲ್ಲವುಗಳಲ್ಲೂ ಮೇಷ್ಟ್ರ ಬೆತ್ತ ನೆನಪಿರುತ್ತದೆ, ಮೇಷ್ಟ್ರ ಪಾದಕ್ಕೆ ಮಾಡಿದ ನಮಸ್ಕಾರವೂ ನೆನಪಿರುತ್ತದೆ. ಅವರ ಅಡಿಗೆಮನೆ ಯಾರಿಗಾದರೂ ನೆನಪಿದೆಯೇ? ಈ ಒಂದು ಪ್ರಶ್ನೆಯನ್ನು ಹಿಡಿದು ನಾವು ಕೆಲವು ಹಳೆಯ ಬರಹಗಳನ್ನೂ ಒಂದೆರಡು ಚಿತ್ರಗಳನ್ನೂ ಮತ್ತೆ ನೋಡಿದೆವು. ಅದರ ಫಲ ಈ ವಿಮರ್ಶೆ.

ಮೊದಲು ಆ ಹೆಸರನ್ನೇ ನೋಡೋಣ. ಕೂಲಿಮಠ. ಕೂಲಿ ಪಡೆದು ಓದು ಹೇಳಿಕೊಡುವ ಮಠ. ನಮ್ಮ ಪ್ರಹಸನದಲ್ಲಿ ಈ ಹೆಸರು ನಗೆಯ ಮಾತಾಯಿತು. ಗುರುವಿಗೆ ಕೂಲಿಯೇ ಎಂದು ಮೂಗು ಮುರಿಯುವವರೂ ಇದ್ದಾರೆ. ನಮಗೇನೋ ಇದು ಬಹಳ ಪ್ರಾಮಾಣಿಕವಾದ ಹೆಸರು ಅನ್ನಿಸುತ್ತದೆ. ಊರಿನ ಚಾವಡಿಯಲ್ಲೋ ಗುಡಿಯ ಜಗುಲಿಯಲ್ಲೋ ಮರಳು ಹರಡಿ ಅಕ್ಷರ ತಿದ್ದಿಸುತ್ತಿದ್ದ ಐಗಳು ಮಾಡುತ್ತಿದ್ದುದು ದುಡಿಮೆ. ಆ ದುಡಿಮೆಗೆ ಒಂದು ಬೆಲೆ ಉಂಟು ಎಂದು ಆ ಹೆಸರು ಮುಚ್ಚುಮರೆ ಇಲ್ಲದೆ ಹೇಳುತ್ತಿತ್ತು.

ಕೂಲಿಮಠಗಳ ವಿಷಯದಲ್ಲಿ ನಮಗೆ ದೊರೆಯುವ ಬಹಳ ಒಳ್ಳೆಯ ಸಾಕ್ಷ್ಯವೆಂದರೆ ಬಳ್ಳಾರಿ ಜಿಲ್ಲೆಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ವರದಿ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಪ್ರಾಂತ್ಯದ ಎಲ್ಲ ಜಿಲ್ಲೆಗಳಿಂದಲೂ ಊರೂರ ಶಾಲೆಗಳ ಲೆಕ್ಕ ಕೇಳಿದ್ದರು. ಬಳ್ಳಾರಿಯಿಂದ ಬಂದ ಲೆಕ್ಕ ಹೀಗಿದೆ: ಜನಸಂಖ್ಯೆ 9,27,857, ಶಾಲೆಗಳು 533, ಓದುವವರು 6,641. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226. ಹಿಂದೂ ಹುಡುಗರು 6,338. ಅವರಲ್ಲಿ ಬ್ರಾಹ್ಮಣರು 1,185, ಶೂದ್ರರೆಂದು ಬರೆಸಿದವರು 2,998. ಮುಸಲ್ಮಾನ ಹುಡುಗರು 243. ಹುಡುಗಿಯರು? ಇಡೀ ಜಿಲ್ಲೆಗೆ 60.

ಈ ವರದಿಯಲ್ಲಿ ಶಾಲೆಯ ಸಂಪ್ರದಾಯಗಳೆಲ್ಲ ಬಂದಿವೆ. ಐದು ವರ್ಷಕ್ಕೆ ಮಗುವಿನ ಅಕ್ಷರಾಭ್ಯಾಸ. ಗಣಪತಿ ಪೂಜೆ, ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುವುದು. ಬೆಳಗಿನ ಆರು ಗಂಟೆಗೆ ಮಠ ಶುರು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ. ಎರಡನೆಯವನ ಕೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಹೆಚ್ಚು. ಕೊನೆಯಲ್ಲಿ ಬಂದ ಬಡಪಾಯಿಯ ಗತಿ ತಾವೇ ಊಹಿಸಿ! ಸೋಮಾರಿಗಳನ್ನು ಕೈಗೆ ಹಗ್ಗ ಕಟ್ಟಿ ಮಾಡಿಗೆ ತೂಗುಹಾಕುತ್ತಿದ್ದರು (ನಮ್ಮಜ್ಜಂದಿರು ಕೋದಂಡ ಎನ್ನುತ್ತಿದ್ದುದು ಇದನ್ನೇ). ಬಸ್ಕಿಯ ಪ್ರಸ್ತಾಪವೂ ಇದೆ. ನೋವಿನದಾದರೂ ಮೈಗೆ ಒಳ್ಳೆಯದಿರಬಹುದು ಎಂದು ಕಲೆಕ್ಟರ ಸಾಹೇಬರ ಷರಾ. ಮುಂದುವರಿದ ಹುಡುಗರು ಹಿಂದಿದ್ದವರಿಗೆ ಹೇಳಿಕೊಡುವ ಪದ್ಧತಿಯನ್ನು ಅವರು ಮನಸಾರೆ ಮೆಚ್ಚಿದ್ದಾರೆ. ಪದ್ಯರೂಪದ ಪುಸ್ತಕಗಳನ್ನು ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುವುದನ್ನು ಟೀಕಿಸಿಯೂ ಇದ್ದಾರೆ.

ಗಾಂಧೀಜಿ 1931ರಲ್ಲಿ ಲಂಡನ್ನಿನಲ್ಲಿ ಮಾತನಾಡುತ್ತ, ಭಾರತದ ವಿದ್ಯೆಯ ಸುಂದರ ವೃಕ್ಷವನ್ನು ಬೇರು ಕೆದಕಿ ಒಣಗಿಸಿದರು ಎಂದು ಬ್ರಿಟಿಷರ ಮೇಲೆ ದೂರು ಹೇಳಿದ್ದರು. ಆ ಮಾತನ್ನೇ ಹೆಸರಾಗಿಟ್ಟು ಧರಂಪಾಲರು 1983ರಲ್ಲಿ "ದಿ ಬ್ಯೂಟಿಫುಲ್ ಟ್ರೀ" ಎಂಬ ಗ್ರಂಥದಲ್ಲಿ ಈ ವರದಿಗಳನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದರು. ದೊಡ್ಡ ಉಪಕಾರದ ಕೆಲಸ. ಆದರೆ ಆ ಮೇಲೆ ಏನಾಯಿತು? ಒಂದು ಗುಂಪಿನವರು ಸರಸ್ವತಿಯ ಹೆಸರು ಬರೆದ ಅಂಗೈಯನ್ನು ಮಾತ್ರ ನೋಡಿ, ಆಹಾ, ಎಂತಹ ಸುವರ್ಣಯುಗ ಎಂದರು. ಇನ್ನೊಂದು ಗುಂಪಿನವರು ಕೋದಂಡವನ್ನು ಮಾತ್ರ ನೋಡಿ, ಅದೊಂದು ನರಕ ಎಂದರು. ಎರಡೂ ಅದೇ ವರದಿಯಲ್ಲೇ ಇವೆ. ಇಬ್ಬರೂ ಓದದೆ ಬಿಡುವ ಸಾಲುಗಳೂ ಅಲ್ಲೇ ಇವೆ: ಐಗಳಿಗೆ ಸಿಗುತ್ತಿದ್ದುದೆಷ್ಟು?

ಹುಡುಗನೊಬ್ಬನಿಗೆ ತಿಂಗಳಿಗೆ ಕಾಲು ರೂಪಾಯಿ. ಕಾಗದದ ಮೇಲೆ ಬರೆಯುವ, ದೊಡ್ಡ ಲೆಕ್ಕ ಮಾಡುವ ಮಟ್ಟಕ್ಕೆ ಬಂದರೆ ಅರ್ಧ ರೂಪಾಯಿ. ಅದಕ್ಕೂ ಮೇಲೆ, ಪದ್ಯಗಳ ಅರ್ಥ ಹೇಳಿಕೊಡಿ ಎಂದರೆ ಐಗಳು ಕೇಳುವ ಹಣ ಹೆಚ್ಚಿನ ತಂದೆತಾಯಿಗಳ ಕೈಗೆ ಎಟುಕುತ್ತಿರಲಿಲ್ಲ. ಹಾಗಾಗಿ ಓದು ಅಷ್ಟಕ್ಕೇ ನಿಲ್ಲುತ್ತಿತ್ತು. ಗಿಳಿಪಾಠಕ್ಕೆ ಕಾರಣ ಐಗಳ ದಡ್ಡತನ ಎಂದುಕೊಂಡಿದ್ದ ನಮಗೆ ಇದನ್ನು ಓದಿ ನಾಚಿಕೆಯಾಯಿತು. ಅರ್ಥ ಹೇಳುವುದಕ್ಕೆ ಬೇರೆ ದರವಿತ್ತು, ಆ ದರ ಕೊಡುವವರಿರಲಿಲ್ಲ. ನಾವೇ ಒಂದು ಸಣ್ಣ ಲೆಕ್ಕ ಹಾಕಿ ನೋಡಿದೆವು. ಶಾಲೆಗೆ ಸರಾಸರಿ ಹನ್ನೆರಡು ಹುಡುಗರು. ಎಲ್ಲರೂ ತಪ್ಪದೆ ಕೊಟ್ಟರೂ ಐಗಳ ಕೈಗೆ ತಿಂಗಳಿಗೆ ಮೂರರಿಂದ ಆರು ರೂಪಾಯಿ. ಮಳೆ ಕೈಕೊಟ್ಟ ವರ್ಷ ಎಲ್ಲರೂ ತಪ್ಪದೆ ಕೊಡುತ್ತಿದ್ದರೇ? ಹಿಂದೆ ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ ಎಂದು ಬರೆದು, ಕ್ಯಾಂಪ್‌ಬೆಲ್ ಅದಕ್ಕೆ ನಾಡಿನ ಬಡತನವೇ ಕಾರಣ ಎನ್ನುತ್ತಾರೆ. ವಿಲಾಯತಿ ಬಟ್ಟೆ ಬಂದು ನಮ್ಮ ಕೈಮಗ್ಗದವರ ಗಳಿಕೆ ಇಳಿಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ನೇಯ್ಗೆಯವನ ಮಗ ಮಠ ಬಿಟ್ಟ. ಐಗಳು ಊರು ಬಿಟ್ಟರು. ಸುಂದರ ವೃಕ್ಷ ಒಣಗಿದ್ದು ಹೀಗೆ, ಕಾಲು ಕಾಲು ರೂಪಾಯಿಯಾಗಿ.

ಇನ್ನು ನವರಾತ್ರಿಯ ಸಂಪ್ರದಾಯ. ದಕ್ಷಿಣ ಕನ್ನಡ, ಉಡುಪಿ ಕಡೆಯ ಸದಸ್ಯರಿಗೆ ಹೂವಿನಕೋಲು ಗೊತ್ತು. ಮೈಸೂರು ಕಡೆಯ ಹಿರಿಯರಿಗೆ ಮಹಾನವಮಿಯ ಚೌಪದ ಗೊತ್ತು. ಅಯ್ಯನವರು ಹುಡುಗರನ್ನು ಸಿಂಗರಿಸಿ, ಕೈಗೆ ಕೋಲು ಕೊಟ್ಟು, ಮನೆಮನೆಗೆ ಕರೆದೊಯ್ದು ಹಾಡಿಸುತ್ತಿದ್ದರು. ಹೂವಿನಕೋಲನ್ನು ಇಂದು ಜಾನಪದ ಕಲೆಯೆಂದು ವೇದಿಕೆಯ ಮೇಲೆ ಆಡಿಸುತ್ತಾರೆ. ನೋಡಲು ಬಲು ಚೆನ್ನ. ಆದರೆ ಆ ಮನೆಮನೆಯ ಸುತ್ತಾಟದ ಕೊನೆಗೆ ಅಯ್ಯನವರ ಜೋಳಿಗೆಗೆ ಬೀಳುತ್ತಿದ್ದ ಅಕ್ಕಿ, ಬೆಲ್ಲ, ಕಾಸು ಅವರ ವರ್ಷದ ಆದಾಯದ ದೊಡ್ಡ ಪಾಲು ಎಂಬುದನ್ನು ನಿರೂಪಕರು ಹೇಳುವುದನ್ನು ನಾವಂತೂ ಕೇಳಿಲ್ಲ. ಶಿಷ್ಯನಿಗೆ ಹಬ್ಬವಾದದ್ದು ಗುರುವಿಗೆ ವಸೂಲಿಯ ದಿನ. ಹಾಡು ಚೆನ್ನಾಗಿ ಬಂದರೆ ಮನೆಯೊಡೆಯರ ಕೈ ಬಿಚ್ಚುತ್ತದೆ. ಕಲಿಸಿದವನು ಮಕ್ಕಳನ್ನು ಮುಂದಿಟ್ಟುಕೊಂಡು ತನ್ನ ಕೂಲಿಯನ್ನು ಕಾಣಿಕೆಯ ವೇಷದಲ್ಲಿ ಪಡೆಯಬೇಕಾಗಿದ್ದ ಆ ಪದ್ಧತಿಯಲ್ಲಿ ಚೆಲುವೂ ಇದೆ, ನೋವೂ ಇದೆ. ಚೆಲುವನ್ನು ಮಾತ್ರ ನಾವು ವೇದಿಕೆಗೆ ತಂದಿದ್ದೇವೆ.

ಸರ್ಕಾರಿ ಶಾಲೆಗಳು ಬಂದ ಮೇಲೆ ಕೂಲಿ ಹೋಗಿ ಸಂಬಳ ಬಂತು. ಮೈಸೂರು ಸಂಸ್ಥಾನದಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ಬಂತು. ಮುಂಬಯಿ ಆಡಳಿತಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ ಮರಾಠಿಯ ಅಬ್ಬರದ ನಡುವೆ ಕನ್ನಡ ಶಾಲೆಗಳು ತಲೆಯೆತ್ತುವಂತೆ ದುಡಿದವರು ಡೆಪ್ಯುಟಿ ಚನ್ನಬಸಪ್ಪನವರು (1834–1881). ಇವರೆಲ್ಲ ಕಟ್ಟಿದ ಶಾಲೆಗಳಲ್ಲಿ ದುಡಿದ ಸಾಮಾನ್ಯ ಮೇಷ್ಟ್ರುಗಳ ಬಾಳನ್ನು ಕಾಣಬೇಕಾದರೆ ನಾವು ಎಲ್ಲಿ ಹುಡುಕಬೇಕು?

ಒಂದು ಬಾಳು ನಮಗೆಲ್ಲ ಗೊತ್ತು, ಆದರೆ ಅದನ್ನು ಮೇಷ್ಟ್ರ ಬಾಳೆಂದು ನಾವು ಓದುವುದಿಲ್ಲ. ನಂದಳಿಕೆ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಮುದ್ದಣ (1870–1901). ಉಡುಪಿ, ಕುಂದಾಪುರಗಳ ಶಾಲೆಗಳಲ್ಲಿ ವ್ಯಾಯಾಮದ ಮೇಷ್ಟ್ರು. ಮಕ್ಕಳಿಗೆ ಡ್ರಿಲ್ ಹೇಳಿಕೊಡುವುದು ಅವರ ಕೆಲಸ. ಬರೆದ ಕಾವ್ಯಗಳನ್ನು ತಮ್ಮವೆಂದು ಹೇಳಿಕೊಳ್ಳದೆ ಮುದ್ದಣನೆಂಬ ಹೆಸರಿನ ಮರೆಯಲ್ಲಿ ಮೈಸೂರಿನ ಪತ್ರಿಕೆಗೆ ಕಳುಹಿಸಿದರು. ಮೂವತ್ತೊಂದನೆಯ ವಯಸ್ಸಿಗೆ ಕ್ಷಯರೋಗದಿಂದ ತೀರಿಕೊಂಡರು. "ಶ್ರೀರಾಮಾಶ್ವಮೇಧ"ದ ಮುದ್ದಣ-ಮನೋರಮೆಯರ ಸಲ್ಲಾಪವನ್ನು ನಾವು ಶಾಲೆಯಲ್ಲಿ ಓದಿ ಅದರ ಸರಸಕ್ಕೆ ಮರುಳಾದವರು. ಈ ಬಾರಿ ಓದಿದಾಗ ಬೇರೊಂದು ಕಣ್ಣಿಗೆ ಬಿತ್ತು. ಅಲ್ಲಿಯ ಮುದ್ದಣ ಅರಮನೆಯಿಂದ ಮನೆಗೆ ಬರುವ ಕವಿ. ಡ್ರಿಲ್ ಮುಗಿಸಿ ಬಿಸಿಲಲ್ಲಿ ಬಾಡಿ ಮನೆಗೆ ಬರುವ ಮೇಷ್ಟ್ರೊಬ್ಬ ತನಗಾಗಿ ಒಂದು ಅರಮನೆಯನ್ನೂ ಒಬ್ಬ ರಾಜನನ್ನೂ ಕಟ್ಟಿಕೊಂಡ. ಅದನ್ನು ಕಲ್ಪನೆಯ ವಿಲಾಸ ಎಂದು ಹೊಗಳಿದ್ದೇವೆ. ಹೊಗಳಿಕೆಗೆ ಅರ್ಹವೇ. ಆದರೆ ಕೈಗೆ ಸಿಗದಿದ್ದನ್ನು ಕಾವ್ಯದಲ್ಲಿ ಪಡೆದ ಒಬ್ಬ ಮೇಷ್ಟ್ರ ಬರಹ ಎಂದೂ ಅದನ್ನು ಓದಬಹುದಲ್ಲವೇ?

ಮೇಷ್ಟ್ರುಗಳ ಬಾಳನ್ನೇ ಮುಖ್ಯ ವಸ್ತುವಾಗಿ ಎತ್ತಿಕೊಂಡ ನಮ್ಮ ಅಪೂರ್ವ ಕಾದಂಬರಿ ಎಂ. ಆರ್. ಶ್ರೀನಿವಾಸಮೂರ್ತಿಯವರ "ರಂಗಣ್ಣನ ಕನಸಿನ ದಿನಗಳು" (1949). ಎಂ.ಆರ್.ಶ್ರೀ. ಅವರು ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲೇ ದುಡಿದವರು. 1950ರಲ್ಲಿ ಸೊಲ್ಲಾಪುರದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಸರಿಗೆ ರುಮಾಲು ಸುತ್ತಿದ ಗೆಳೆಯ ತಿಮ್ಮರಾಯಪ್ಪನನ್ನು ಕಂಡು ತಾನೂ ಶಾಲಾ ಇನ್‌ಸ್ಪೆಕ್ಟರಾಗಬೇಕೆಂದು ಆಸೆಪಟ್ಟ ರಂಗಣ್ಣ ಜನಾರ್ದನಪುರದ ಇನ್‌ಸ್ಪೆಕ್ಟರಾಗಿ, ಬೈಸಿಕಲ್ ಏರಿ ಹಳ್ಳಿಹಳ್ಳಿ ಸುತ್ತುತ್ತಾನೆ. ಮುರುಕಲು ಶಾಲೆಗಳು, ಮೇಷ್ಟ್ರುಗಳ ಸಂಘದ ಸಭೆಗಳು, ಹಳ್ಳಿಗರ ಉಪ್ಪಿಟ್ಟಿನ ಆದರ, ಊರ ಮುಖಂಡರ ಕಿರುಕುಳ, ಎಲ್ಲವೂ ನಗುನಗುತ್ತ ಬರುತ್ತವೆ. ಇಲ್ಲಿಯ ನಗೆ ನಮ್ಮ ಪ್ರಹಸನದ ನಗೆಯಂತಲ್ಲ. ಇನ್‌ಸ್ಪೆಕ್ಟರನ್ನು ಕಂಡು ನಡುಗುವ ಮೇಷ್ಟ್ರನ್ನು ನೋಡಿ ನಾವು ಮೊನ್ನೆ ನಕ್ಕೆವು; ಎಂ.ಆರ್.ಶ್ರೀ. ಅವರು ಆ ನಡುಕ ಏಕೆ ಎಂದು ಕೇಳುವ ಇನ್‌ಸ್ಪೆಕ್ಟರನನ್ನು ಸೃಷ್ಟಿಸಿದರು. ಗದರಿಸಿ ಕೆಲಸ ಮಾಡಿಸುವುದಕ್ಕಿಂತ ವಿಶ್ವಾಸದಿಂದ ಮಾಡಿಸುವುದು ಮೇಲು ಎಂಬುದು ರಂಗಣ್ಣನ ನಂಬಿಕೆ. ಈ ಪುಸ್ತಕವನ್ನು ಓದದ ಸದಸ್ಯರು ಊರಿಗೆ ಹೋದಾಗ ದಯವಿಟ್ಟು ತಂದು ಓದಿ.

ಹೀಗೆಂದ ಮೇಲೆ ನಮಗೆ ಕಂಡ ಒಂದು ಕೊರತೆಯನ್ನೂ ಹೇಳಲೇಬೇಕು. ಕಾದಂಬರಿ ಮೇಷ್ಟ್ರನ್ನು ಇನ್‌ಸ್ಪೆಕ್ಟರ ಬೈಸಿಕಲ್ಲಿನ ಮೇಲಿನಿಂದ ನೋಡುತ್ತದೆ. ಸವಾರ ಬಹಳ ಒಳ್ಳೆಯವನು. ಇಳಿದು ನಿಂತು ಕಷ್ಟಸುಖ ಕೇಳುತ್ತಾನೆ. ಆದರೆ ಮೇಷ್ಟ್ರಿಗೆ ಸಿಗುವ ಸಮಾಧಾನವೆಲ್ಲ ಆ ಒಬ್ಬನ ಒಳ್ಳೆಯತನದಿಂದ ಬಂದದ್ದು. ಅಧಿಕಾರಿಗೆ ವರ್ಗವಾದ ದಿನ ಆ ಕರುಣೆಗೂ ವರ್ಗವಾಗುತ್ತದೆ. ಎಂ.ಆರ್.ಶ್ರೀ. ಅವರಿಗೆ ಇದು ಗೊತ್ತಿತ್ತೆಂದೇ ನಮ್ಮ ಊಹೆ. ಇಲ್ಲದಿದ್ದರೆ ಇಲಾಖೆಯಲ್ಲಿ ಅಷ್ಟು ವರ್ಷ ಸವೆದವರು ಆ ದಿನಗಳನ್ನು ಕನಸಿನ ದಿನಗಳೆಂದು ಕರೆಯುತ್ತಿದ್ದರೇ? ನಾವು ಹಿಂದೊಮ್ಮೆ ಈ ಹೆಸರನ್ನು ಹಗುರವಾದ ಹಾಸ್ಯವೆಂದುಕೊಂಡಿದ್ದೆವು. ಈಗ ಅದರಲ್ಲಿ ಒಂದು ನಿಟ್ಟುಸಿರೂ ಕೇಳಿಸುತ್ತದೆ.

ಪುಸ್ತಕಗಳಿಗಿಂತ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿರುವುದು ಸಿನಿಮಾದ ಮೇಷ್ಟ್ರುಗಳು. ಬಿ. ಆರ್. ಪಂತುಲು ಅವರ "ಸ್ಕೂಲ್ ಮಾಸ್ಟರ್" (1958) ನೋಡಿ ಅಳದ ತಾಯಂದಿರಿಲ್ಲ. ವಯಸ್ಸಾದ ಮೇಲೆ ಹೆತ್ತ ಮಕ್ಕಳಿಂದಲೇ ನೋವುಂಡ ಮೇಷ್ಟ್ರ ಕೈ ಹಿಡಿಯುವವನು ಪೊಲೀಸ್ ಅಧಿಕಾರಿಯಾದ ಹಳೆಯ ಶಿಷ್ಯ. ಶಿವಾಜಿ ಗಣೇಶನ್ ಆ ಪಾತ್ರ ಮಾಡಿದ್ದಾರೆ. ಶಿಷ್ಯ ಬಂದು ನಮಸ್ಕರಿಸುವಾಗ ಇಂದಿಗೂ ಕಣ್ಣು ತುಂಬುತ್ತದೆ. ಆದರೆ ಕಣ್ಣು ಒರೆಸಿಕೊಂಡ ಮೇಲೆ ಒಂದು ಪ್ರಶ್ನೆ. ಆ ಶಿಷ್ಯ ಬಾರದೆ ಹೋಗಿದ್ದರೆ? ಜೀವಮಾನವೆಲ್ಲ ಕಲಿಸಿದವನ ಮುಪ್ಪು ಒಬ್ಬ ಶಿಷ್ಯನ ನೆನಪಿನ ಶಕ್ತಿಯನ್ನು ನಂಬಿ ನಿಂತಿರಬೇಕೇ? ಪಿಂಚಣಿಯ ಜಾಗದಲ್ಲಿ ಚಿತ್ರ ಕೃತಜ್ಞತೆಯನ್ನು ಕೂರಿಸಿತು. ನಾವು ಅದನ್ನು ಸಂತೋಷದಿಂದ ಒಪ್ಪಿಕೊಂಡೆವು. ಏಕೆಂದರೆ ಆ ಶಿಷ್ಯನ ಸ್ಥಾನದಲ್ಲಿ ನಮ್ಮನ್ನೇ ಕಂಡೆವು. ಎಂದಾದರೊಂದು ದಿನ ಹೋಗಿ ಕಾಲಿಗೆ ಬೀಳೋಣ ಎಂದು ಎಲ್ಲರೂ ಅಂದುಕೊಂಡಿದ್ದೇವಲ್ಲವೇ? ಎಷ್ಟು ಜನ ಹೋದೆವು?

ಇದಕ್ಕೆ ಹೋಲಿಸಿದರೆ ಪುಟ್ಟಣ್ಣ ಕಣಗಾಲರ "ನಾಗರಹಾವು" (1972) ಚಿತ್ರದ ಚಾಮಯ್ಯ ಮೇಷ್ಟ್ರು ಒಂದು ಹೆಜ್ಜೆ ಮುಂದೆ. ಕೆ. ಎಸ್. ಅಶ್ವತ್ಥ್ ಅವರ ಅಭಿನಯದ ಬಗ್ಗೆ ನಾವು ಹೊಸದಾಗಿ ಹೇಳುವುದೇನಿದೆ? ಮಕ್ಕಳಿಲ್ಲದ ಚಾಮಯ್ಯನವರು ರಾಮಾಚಾರಿಯನ್ನು ಮಗನಂತೆ ಪ್ರೀತಿಸಿ, ಅದೇ ಪ್ರೀತಿಯ ಸಲುಗೆಯಿಂದ ಅವನ ಬಾಳನ್ನು ತಪ್ಪು ದಾರಿಗೆ ತಿರುಗಿಸುತ್ತಾರೆ. ಮೇಷ್ಟ್ರು ಕೂಡ ತಪ್ಪು ಮಾಡಬಲ್ಲ ಮನುಷ್ಯ ಎಂದು ತೋರಿಸಿದ್ದು ಈ ಚಿತ್ರದ ದೊಡ್ಡತನ. ಗುರುವನ್ನು ದೇವರಾಗಿಸಿದರೆ ಎರಡು ಅನುಕೂಲ ಉಂಟು, ಗಮನಿಸಿ: ದೇವರು ತಪ್ಪು ಮಾಡುವುದಿಲ್ಲ, ದೇವರಿಗೆ ಸಂಬಳವೂ ಬೇಕಿಲ್ಲ.

ಎಲ್ಲ ಮೇಷ್ಟ್ರುಗಳೂ ಬಡವರು, ಆದ್ದರಿಂದ ಎಲ್ಲರೂ ಒಳ್ಳೆಯವರು ಎಂದು ನಾವು ಹೇಳುತ್ತಿದ್ದೇವೆಂದು ತಿಳಿಯಬೇಡಿ. ಅರವಿಂದ ಮಾಲಗತ್ತಿಯವರ "ಗವರ್ನಮೆಂಟ್ ಬ್ರಾಹ್ಮಣ" (1994) ಓದಿದವರಿಗೆ ಶಾಲೆಯ ಇನ್ನೊಂದು ಮುಖ ಗೊತ್ತು. ದಲಿತ ಮಗುವಿಗೆ ಜಾತಿ ಶಾಲೆಯ ಬಾಗಿಲಲ್ಲಿ ಕಳಚಿಡುವ ಚಪ್ಪಲಿಯಾಗಿರಲಿಲ್ಲ, ಒಳಗೂ ಜೊತೆಗೇ ಬರುತ್ತಿತ್ತು. ಬೆತ್ತವನ್ನು ಮುದ್ದಿನಿಂದ ನೆನೆಯುವ ಲೇಖನಗಳನ್ನು ಬರೆಯುವವರು ಯಾರು? ಬೆತ್ತದ ಏಟು ತಿಂದೂ ಮುಂದೆ ಓದಿ, ಕೆಲಸ ಹಿಡಿದು, ವಿಮಾನ ಹತ್ತಿ ಇಲ್ಲಿಗೆ ಬಂದ ನಮ್ಮಂತಹವರು. ಏಟಿಗೆ ಹೆದರಿ ಮೂರನೆಯ ತರಗತಿಗೇ ಶಾಲೆ ಬಿಟ್ಟು ದನ ಕಾಯಲು ಹೋದವನು ಯಾವ ವಾರ್ತಾಪತ್ರಕ್ಕೂ ಲೇಖನ ಬರೆದಿಲ್ಲ. ಮೊದಲು ಹೇಳಿದ ಬಳ್ಳಾರಿ ಜಿಲ್ಲೆಯ ಆ 60 ಹುಡುಗಿಯರ ನೆನಪುಗಳೂ ನಮಗೆ ದಕ್ಕಿಲ್ಲ. ಆದ್ದರಿಂದ "ಮೇಷ್ಟ್ರು ಹೊಡೆದದ್ದರಿಂದಲೇ ನಾನು ಮುಂದೆ ಬಂದೆ" ಎಂಬ, ನಾವು ಮತ್ತೆ ಮತ್ತೆ ಓದುವ ವಾಕ್ಯವನ್ನು ಇನ್ನು ಮುಂದೆ ಸ್ವಲ್ಪ ಅನುಮಾನದಿಂದ ನೋಡಬೇಕು. ಹೊಡೆದರೂ ಮುಂದೆ ಬಂದೆವು ಎಂಬುದೇ ಹೆಚ್ಚು ಸರಿ ಇರಬಹುದು.

ಹಾಗಾದರೆ ಒಳ್ಳೆಯ ಚಿತ್ರಣ ಯಾವುದು? ಪೂಜೆ, ಲೇವಡಿ ಎರಡನ್ನೂ ಬಿಟ್ಟು, ಮೇಷ್ಟ್ರನ್ನು ದುಡಿಯುವ ಮನುಷ್ಯನಾಗಿ ನೋಡುವ ಚಿತ್ರಣ ಎಂಬುದು ನಮ್ಮ ಉತ್ತರ. ಅವರ ಬೆತ್ತವೂ ಇರಲಿ, ಅವರ ಬಾಡಿಗೆ ಮನೆಯೂ ಇರಲಿ. ತರಗತಿಯಲ್ಲಿ ಅವರು ರೇಗಿದ ದಿನ ಅವರ ಮನೆಯಲ್ಲಿ ಏನಾಗಿತ್ತು ಎಂಬುದೂ ಬರಲಿ. ನಮ್ಮ ಪ್ರಹಸನದಲ್ಲಿ ಇಷ್ಟನ್ನು ತರುವುದು ಕಷ್ಟವೇನಲ್ಲ. ಮೊದಲ ದೃಶ್ಯವಾಗಿ ಮೇಷ್ಟ್ರ ಮನೆ, ಬೆಳಗಿನ ಹೊತ್ತು. ಪೆಟ್ಟಿಗೆಯಿಂದ ಕೋಟು ತೆಗೆಯುತ್ತಾರೆ. ಹೆಂಡತಿ ಮಾತಾಡುವುದಿಲ್ಲ. ಎರಡೇ ನಿಮಿಷ. ಆಮೇಲೆ ಈಗಿರುವ ಹಾಸ್ಯವೆಲ್ಲ ಹಾಗೆಯೇ ನಡೆಯಲಿ. ಇನ್‌ಸ್ಪೆಕ್ಟರು ಬಂದಾಗ ಮೇಷ್ಟ್ರು ಗುಂಡಿ ಹಾಕಿಕೊಳ್ಳುವುದನ್ನು ನೋಡಿ ಆಗಲೂ ಜನ ನಗುತ್ತಾರೆ. ಆದರೆ ಆ ನಗೆ ಬೇರೆಯಾಗಿರುತ್ತದೆ.

ಇಷ್ಟು ಬರೆದ ಮೇಲೆ ನಮ್ಮ ಮನೆಯ ಬಾಗಿಲಿಗೂ ಬರಲೇಬೇಕು. ಅದೇ ರಾಜ್ಯೋತ್ಸವದ ದಿನ ನಮ್ಮ ವಾರಾಂತ್ಯದ ಕನ್ನಡ ತರಗತಿಯ ಶಿಕ್ಷಕಿಯರಿಗೆ ಶಾಲು ಹೊದಿಸಿ, ಹಣ್ಣಿನ ತಟ್ಟೆ, ಫಲಕ ಕೊಟ್ಟು ಸನ್ಮಾನ ಮಾಡಿದೆವು. ಅಧ್ಯಕ್ಷರು ಗುರುವಿನ ಋಣ ತೀರಿಸಲಾಗದು ಎಂದು ಭಾಷಣ ಮಾಡಿದರು. ಎಲ್ಲ ಸರಿ. ಆದರೆ ಅಕ್ಷರಮಾಲೆಯ ಹಾಳೆಗಳಿಗೆ ಫೋಟೋಕಾಪಿ ಮಾಡಿಸಿದ ಹಣ ಯಾರದು? ಊರಿನಿಂದ ಬರುವಾಗ ತಮ್ಮ ಸೂಟ್‌ಕೇಸಿನ ತೂಕದಲ್ಲಿ ಮಕ್ಕಳ ಪುಸ್ತಕ ಹೊತ್ತು ತಂದವರು ಯಾರು? ಚಳಿಗಾಲದಲ್ಲಿ ಐವತ್ತು ಮೈಲಿ ಕಾರು ಓಡಿಸಿ ಬಂದರೆ ತರಗತಿಯಲ್ಲಿ ಮೂರೇ ಮಕ್ಕಳಿರುವುದು ಏಕೆ? ಅವರು ಬಾಯಿಬಿಟ್ಟು ಏನೂ ಕೇಳಿಲ್ಲ, ನಿಜ. ಐಗಳೂ ಬಾಯಿಬಿಟ್ಟು ಕೇಳದೆ ಹುಡುಗರಿಂದ ಹಾಡಿಸುತ್ತಿದ್ದರು.

ಇಲ್ಲಿಯ ನಮ್ಮ ಶಿಕ್ಷಕಿಯರು ಬಡವರಲ್ಲ, ಅವರಿಗೆ ಸಂಬಳದ ಅಗತ್ಯವಿಲ್ಲ ಎಂದು ಕೆಲವರು ಹೇಳುವುದನ್ನು ನಾವು ಬಲ್ಲೆವು. ಅಗತ್ಯದ ಪ್ರಶ್ನೆ ಬೇರೆ, ಬೆಲೆಯ ಪ್ರಶ್ನೆ ಬೇರೆ. ಬಿಟ್ಟಿ ಸಿಗುವ ಪಾಠಕ್ಕೆ ಮಕ್ಕಳನ್ನು ಕಳುಹಿಸುವುದೂ ಬಿಡುವುದೂ ನಮಗೆ ಹಗುರವಾಗಿದೆ. ಈಜಿನ ತರಗತಿಗೆ ಹಣ ಕಟ್ಟಿದ್ದೇವೆಂದು ಜ್ವರದ ಮರುದಿನವೇ ಓಡುತ್ತೇವೆ. ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನಮ್ಮದೊಂದು ವಿನಂತಿ: ಮುಂದಿನ ವರ್ಷದ ಖರ್ಚಿನ ಪಟ್ಟಿಯಲ್ಲಿ ದೀಪಾವಳಿಯ ಊಟಕ್ಕೆ ಒಂದು ಸಾಲು, ಧ್ವನಿವರ್ಧಕಕ್ಕೆ ಒಂದು ಸಾಲು ಇರುವಂತೆ ಕನ್ನಡ ತರಗತಿಗೂ ಒಂದು ಸಾಲು ಇರಲಿ. ಪುಸ್ತಕ, ಫೋಟೋಕಾಪಿ, ಪೆಟ್ರೋಲು, ಜೊತೆಗೆ ಒಂದು ಸಣ್ಣ ಸಂಭಾವನೆ. ಸಂಭಾವನೆ ಎಂಬ ಪದ ಭಾರವೆನಿಸಿದರೆ ಹಳೆಯ ಪದವನ್ನೇ ಬಳಸೋಣ. ಕೂಲಿ. ನಮಗೆ ಅದರಲ್ಲಿ ಅವಮಾನವೇನೂ ಕಾಣುವುದಿಲ್ಲ. ಶಾಲು ಬೇಡವೆಂದಲ್ಲ, ಶಾಲೂ ಇರಲಿ.

ಈ ಲೇಖನದ ಕರಡನ್ನು ಆ ಹಿರಿಯ ಸದಸ್ಯೆಯವರಿಗೆ ತೋರಿಸಿ, ಅವರ ಮಾತನ್ನು ಅಚ್ಚು ಹಾಕಲು ಅಪ್ಪಣೆ ಕೇಳಿದೆವು. ಹೆಸರು ಬೇಡ ಎಂದರು. ಆ ಕೋಟು ಕೊನೆಗೆ ಏನಾಯಿತು ಎಂದು ಕೇಳಿದೆವು. "ಅಣ್ಣ ಕಾಲೇಜಿಗೆ ಸೇರಿದಾಗ ಅವನ ಅಳತೆಗೆ ಹೊಲಿಸಿಕೊಟ್ರು. ಆಮೇಲೆ ಇನ್‌ಸ್ಪೆಕ್ಟರು ಬಂದ್ರೆ ಅಪ್ಪ ಶರಟಿನಲ್ಲೇ ನಿಂತ್ಕೊತಿದ್ರು" ಎಂದರು.

ಸದಸ್ಯ ಬಂಧುಗಳಲ್ಲಿ ಮೇಷ್ಟ್ರ ಮಕ್ಕಳು ಇನ್ನೂ ಎಷ್ಟೋ ಮಂದಿ ಇರಬೇಕು. ಮೇಷ್ಟ್ರ ಶಿಷ್ಯರ ನೆನಪುಗಳನ್ನು ಇಷ್ಟು ವರ್ಷ ಅಚ್ಚು ಹಾಕಿದ್ದೇವೆ. ಮುಂದಿನ ಸಂಚಿಕೆಗೆ ಮೇಷ್ಟ್ರ ಮಕ್ಕಳು ಬರೆಯಲಿ. ಒಂದೇ ಪುಟವಾದರೂ ಸರಿ, ಕೈಬರಹದಲ್ಲಿದ್ದರೂ ಸರಿ, ಸಂಪಾದಕರಿಗೆ ತಲುಪಿಸಿ. ಪ್ರಹಸನದ ಬಗ್ಗೆ ನಮ್ಮ ಮಾತು ಒಪ್ಪಿಗೆಯಾಗದವರೂ ಖಂಡಿತ ಬರೆಯಿರಿ.

ಸಿರಿಗನ್ನಡಂ ಗೆಲ್ಗೆ.